ಗೋರಿಯಲ್ಲಿದ್ದವನು, ಕೋಟೆ ಸೇರಿದವನು

ಪ್ರಶ್ನೆ: ರಕ್ತ ಹೀರುವ ಡ್ರಾಕುಲಾ ಜನಪದರ ನಂಬಿಕೆಯಿಂದ ಬಂದವನೇ, ಕಾದಂಬರಿಕಾರನ ಸೃಷ್ಟಿಯೇ? ವ್ಲಾಡ್ ಎಂಬ ಕ್ರೂರ ದೊರೆಯೇ ಅವನ ಮೂಲ ಎನ್ನುತ್ತಾರೆ, ಅದು ನಿಜವೇ? ನಮ್ಮ ಬೇತಾಳಕ್ಕೂ ಅವನಿಗೂ ನಂಟಿದೆಯೇ? ಇಂಥ ಭೀಕರ ಜೀವಿಗಳನ್ನು ಎಲ್ಲ ಸಮಾಜಗಳೂ ಏಕೆ ಕಲ್ಪಿಸಿಕೊಳ್ಳುತ್ತವೆ? ಬಿಸಿಲು ತಾಗಿದರೆ ಅವನು ಸುಟ್ಟುಹೋಗುವುದೇಕೆ?

ಉತ್ತರ: ಎಲ್ಲ ಸಮಾಜಗಳೂ ಏಕೆ ಎಂಬುದಕ್ಕೆ ಒಂದೇ ಮಾತಿನ ಉತ್ತರ ಕೊಡಹೊರಟರೆ ಅದು ‘ಮನುಷ್ಯನಿಗೆ ಭಯವಿದೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಯಾರ ಭಯ, ಯಾವ ಕಾಲದ್ದು, ಯಾವ ಸಂಕಟಕ್ಕೆ ಸಂಬಂಧಿಸಿದ್ದು ಎಂದು ಬಿಡಿಸಿ ಕೇಳಿದಾಗಲೇ ಆ ಜೀವಿಯ ಮೈಕಟ್ಟು ಅರ್ಥವಾಗತೊಡಗುತ್ತದೆ. ಹೆಚ್ಚಿನ ಭೀಕರ ಜೀವಿಗಳ ವಿಷಯದಲ್ಲಿ ಹೀಗೆ ಕೇಳಲು ನಮಗೆ ಆಧಾರವಿಲ್ಲ. ಕೊಳ್ಳಿದೆವ್ವವನ್ನು ಮೊದಲು ಕಂಡವರು ಯಾರೆಂದು ಯಾರೂ ಬರೆದಿಟ್ಟಿಲ್ಲ. ಗೋರಿಯಿಂದ ಎದ್ದು ಬಂದು ಕಾಡುವ ಯುರೋಪಿನ ವ್ಯಾಂಪೈರ್, ಅಂದರೆ ಡ್ರಾಕುಲಾನ ಜಾತಿಯ ಜೀವಿ, ಇದಕ್ಕೆ ಅಪರೂಪದ ಅಪವಾದ. ಅದು ಹಳ್ಳಿಯ ಗೋರಿಯಿಂದ ಲಂಡನ್ನಿನ ಕಾದಂಬರಿಗೆ ನಡೆದು ಬಂದ ದಾರಿಯ ಬಹುಭಾಗಕ್ಕೆ ತಾರೀಖು ಮತ್ತು ಅಧಿಕಾರಿಗಳ ಸಹಿ ಇರುವ ಕಾಗದಗಳಿವೆ. ಆದ್ದರಿಂದ ನಿಮ್ಮ ಪ್ರಶ್ನೆಗಳಿಗೆ ಆ ಒಂದು ಜೀವಿಯನ್ನೇ ಹಿಡಿದು ಉತ್ತರಿಸುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಹಳ್ಳಿಯ ವ್ಯಾಂಪೈರ್ ಬೇರೆ, ಕಾದಂಬರಿಯ ವ್ಯಾಂಪೈರ್ ಬೇರೆ. ಮೊದಲನೆಯದು ಸಾಲುಸಾಲು ಸಾವಿಗೆ ಕಾರಣ ಹುಡುಕುತ್ತಿದ್ದ ರೈತರದ್ದು. ಎರಡನೆಯದು ಸಾವಿನ ಭಯಕ್ಕಿಂತ ಸಿರಿವಂತಿಕೆ, ಕಾಮ, ಪರದೇಶಿಗಳ ಭಯ ಹೆಚ್ಚಾಗಿದ್ದ ನಗರದ ಓದುಗರದ್ದು.

1718ರಲ್ಲಿ ಪಾಸರೋವಿಟ್ಸ್ ಒಪ್ಪಂದದ ಮೂಲಕ ಉತ್ತರ ಸರ್ಬಿಯಾ ಒಟ್ಟೋಮನ್ ತುರ್ಕರ ಕೈತಪ್ಪಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆಗೆ ಬಂತು. ಸತ್ತವರು ಎದ್ದು ಬಂದು ಬದುಕಿರುವವರನ್ನು ಕಾಡುತ್ತಾರೆಂಬ ನಂಬಿಕೆ ಅಲ್ಲಿನ ಹಳ್ಳಿಗಳಲ್ಲಿ ಬಹಳ ಹಳೆಯದು. ಹೊಸದಾಗಿ ಬಂದದ್ದು ವರದಿ ಬರೆಯುವ ಅಧಿಕಾರಿ. 1725ರಲ್ಲಿ ಕಿಸಿಲೋವಾ ಎಂಬ ಊರಿನಲ್ಲಿ ಪೀಟರ್ ಬ್ಲಾಗೊಯೆವಿಚ್ ಎಂಬ ರೈತ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಹತ್ತು ವಾರವಾಗುವ ಹೊತ್ತಿಗೆ, ಎಂಟೇ ದಿನಗಳ ಅಂತರದಲ್ಲಿ ಒಂಬತ್ತು ಮಂದಿ ಸತ್ತರು. ಒಬ್ಬೊಬ್ಬರಿಗೂ ಕಾಯಿಲೆ ಇದ್ದದ್ದು ಒಂದು ದಿನದಷ್ಟು ಮಾತ್ರ. ಪೀಟರ್ ನಿದ್ದೆಯಲ್ಲಿ ಬಂದು ತಮ್ಮ ಮೈಮೇಲೆ ಬಿದ್ದು ಕುತ್ತಿಗೆ ಹಿಸುಕಿದನೆಂದು ಅವರು ಸಾಯುವ ಮುನ್ನ ಹೇಳಿದ್ದರು. ಅವನ ಹೆಂಡತಿಯ ಮಾತು ಇನ್ನೂ ವಿಚಿತ್ರವಾಗಿತ್ತು: ಗಂಡ ಮನೆಗೆ ಬಂದು ತನ್ನ ಮೆಟ್ಟು ಕೇಳಿದನಂತೆ. ಆಕೆ ಊರನ್ನೇ ಬಿಟ್ಟು ಹೋದಳು.

ಆ ಪ್ರಾಂತದ ಆಡಳಿತಾಧಿಕಾರಿಯಾಗಿದ್ದ ಫ್ರೊಂಬಾಲ್ಡ್ ಎಂಬವನ ಮುಂದೆ ಊರವರು ಗೋರಿ ಅಗೆಯಲು ಅಪ್ಪಣೆ ಕೇಳಿ ನಿಂತರು. ಬೆಲ್‌ಗ್ರೇಡಿಗೆ ಬರೆದು ಅನುಮತಿ ತರಿಸುತ್ತೇನೆ, ತಾಳಿ ಎಂದು ಅವನು ಹೇಳಿ ನೋಡಿದ. ಅಷ್ಟರಲ್ಲಿ ಊರೇ ಉಳಿಯುವುದಿಲ್ಲ, ತುರ್ಕರ ಕಾಲದಲ್ಲೂ ಹೀಗೇ ಆಗಿತ್ತು, ನೀವು ಒಪ್ಪದಿದ್ದರೆ ನಾವು ಊರು ಬಿಡುತ್ತೇವೆ ಎಂದು ಅವರು ಹಟ ಹಿಡಿದರು. ಕಂದಾಯ ಕೊಡುವ ಒಕ್ಕಲು ಖಾಲಿಯಾದರೆ ಮೇಲಿನವರಿಗೆ ಏನು ಹೇಳುವುದು? ಕೊನೆಗೆ ಅವನೂ ಪಾದ್ರಿಯ ಜತೆ ಗೋರಿಯ ಬಳಿ ನಿಂತ. ಮೂಗು ಸ್ವಲ್ಪ ಕುಸಿದಿದ್ದು ಬಿಟ್ಟರೆ ಹೆಣ ತಾಜಾ ಆಗಿತ್ತು, ಕೂದಲು, ಗಡ್ಡ, ಉಗುರು ಬೆಳೆದಂತಿದ್ದವು, ಹಳೆಯ ಚರ್ಮ ಸುಲಿದು ಕೆಳಗೆ ಹೊಸ ಚರ್ಮ ಕಾಣುತ್ತಿತ್ತು, ಬಾಯಲ್ಲಿ ರಕ್ತವಿತ್ತು. ಊರವರು ಚೂಪಾದ ಗೂಟವನ್ನು ಎದೆಗೆ ಹೊಡೆದಾಗ ಕಿವಿ, ಬಾಯಿಗಳಿಂದ ರಕ್ತ ಹರಿಯಿತು. ಆಮೇಲೆ ಹೆಣವನ್ನು ಸುಟ್ಟರು. ಇಷ್ಟನ್ನೂ ವರದಿ ಮಾಡಿದ ಫ್ರೊಂಬಾಲ್ಡ್ ಕೊನೆಯಲ್ಲಿ, ಇದರಲ್ಲಿ ತಪ್ಪೇನಾದರೂ ನಡೆದಿದ್ದರೆ ಅದನ್ನು ತನ್ನ ಮೇಲೆ ಹೊರಿಸದೆ, ಭಯದಿಂದ ಮೈಮರೆತ ಜನರ ಮೇಲೆ ಹೊರಿಸಬೇಕೆಂದು ಬಿನ್ನವಿಸಿಕೊಂಡಿದ್ದಾನೆ. ಈ ಒಕ್ಕಣೆಯ ಪರಿಚಯ ಯಾವ ಕಾಲದ ಸರ್ಕಾರಿ ಕಡತ ನೋಡಿದವರಿಗೂ ಇರುತ್ತದೆ. ಅದೇ ವರ್ಷದ ಜುಲೈನಲ್ಲಿ ಈ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು.

ಇದಕ್ಕಿಂತ ಹೆಚ್ಚು ಹೆಸರಾದದ್ದು ಮೆದ್ವೆಜಾ ಊರಿನ ಪ್ರಕರಣ. ಅಲ್ಲಿ ಆರ್ನಲ್ಡ್ ಪಾವ್ಲೆ ಎಂಬ ಗಡಿಕಾವಲಿನ ಸಿಪಾಯಿ ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದುಕೊಂಡು ಸತ್ತಿದ್ದ. ತನ್ನನ್ನು ಹಿಂದೊಮ್ಮೆ ವ್ಯಾಂಪೈರ್ ಕಾಡಿತ್ತೆಂದೂ, ಅದರ ಗೋರಿಯ ಮಣ್ಣು ತಿಂದು, ಅದರ ರಕ್ತ ಬಳಿದುಕೊಂಡು ಪಾರಾದೆನೆಂದೂ ಅವನೇ ಬದುಕಿದ್ದಾಗ ಹೇಳಿಕೊಂಡಿದ್ದನಂತೆ. ಅವನ ಹೆಣವನ್ನು ಆಗಲೇ ಅಗೆದು ಸುಟ್ಟದ್ದಾಗಿತ್ತು. ಕೆಲವು ವರ್ಷಗಳ ಬಳಿಕ, 1731ರ ಚಳಿಗಾಲದಲ್ಲಿ, ಅದೇ ಊರಿನಲ್ಲಿ ಮತ್ತೆ ಸಾವು ಶುರುವಾಯಿತು. ಮೊದಲು ಹೋದ ಗ್ಲಾಸರ್ ಎಂಬ ವೈದ್ಯನ ಕೆಲಸ ಅಂಟುಜಾಡ್ಯ ಪತ್ತೆ ಮಾಡುವುದು; ತುರ್ಕರ ಕಡೆಯಿಂದ ಪ್ಲೇಗ್ ನುಸುಳದಂತೆ ಆ ಗಡಿಯುದ್ದಕ್ಕೂ ಆಸ್ಟ್ರಿಯಾ ಕಾವಲಿಟ್ಟಿತ್ತು. ಅವನಿಗೆ ಪ್ಲೇಗಿನ ಕುರುಹು ಕಾಣಲಿಲ್ಲ. ಹೊಟ್ಟೆಗೆ ಸಾಲದ ಊಟ, ಅದರ ಮೇಲೆ ಕಟ್ಟುನಿಟ್ಟಾದ ಉಪವಾಸಗಳೇ ಕಾರಣವೆಂದು ಅವನು ಊಹಿಸಿದ. ಆದರೆ ಜನ ರಾತ್ರಿ ಎರಡು ಮೂರು ಮನೆಯವರು ಒಂದೇ ಕಡೆ ಸೇರಿ, ಕೆಲವರು ಮಲಗಿ ಕೆಲವರು ಕಾಯುತ್ತಿದ್ದುದನ್ನು ಅವನು ಕಣ್ಣಾರೆ ಕಂಡ. ಹಾಗಾಗಿ 1732ರ ಜನವರಿಯಲ್ಲಿ ಫ್ಲ್ಯೂಕಿಂಗರ್ ಎಂಬ ಸೇನಾವೈದ್ಯನ ನೇತೃತ್ವದಲ್ಲಿ ಎರಡನೆಯ ತಂಡ ಬಂದು ಗೋರಿಗಳನ್ನು ಒಂದೊಂದಾಗಿ ತೆರೆಸಿತು.

ಆ ತಂಡದ ವರದಿ ಇಂದು ಓದಿದರೂ ಬೆರಗು ಹುಟ್ಟಿಸುವಷ್ಟು ನಿರ್ಲಿಪ್ತವಾಗಿದೆ. ಹೆಸರು, ವಯಸ್ಸು, ಎಷ್ಟು ದಿನದ ಕಾಯಿಲೆ, ಹೂತು ಎಷ್ಟು ದಿನ, ಎದೆಯ ಗೂಡಿನಲ್ಲಿ ಏನಿತ್ತು, ಕರುಳು ಹೇಗಿತ್ತು ಎಂದು ಸಾಲಾಗಿ ಬರೆದಿದ್ದಾರೆ. ಕೊಳೆತ ಹೆಣಗಳನ್ನು ಮತ್ತೆ ಗೋರಿಗಿಟ್ಟರು. ಕೊಳೆಯದವುಗಳ ತಲೆ ಕಡಿಸಿ, ಸುಡಿಸಿ, ಬೂದಿಯನ್ನು ಮೊರಾವಾ ನದಿಗೆ ಹಾಕಿಸಿದರು. ಅವುಗಳಲ್ಲಿ ಒಂದು ಮಿಲಿಜಾ ಎಂಬ 60 ವರ್ಷದ ಹೆಂಗಸಿನದು. ಆಕೆ ಜೀವಮಾನವಿಡೀ ಒಣಕಲು ಕಡ್ಡಿಯಾಗಿದ್ದವಳು, ಗೋರಿಯಲ್ಲಿ ಮಾತ್ರ ಮೈ ತುಂಬಿಕೊಂಡಿದ್ದಾಳಲ್ಲ ಎಂದು ಆಕೆಯನ್ನು ಬಲ್ಲ ಸಿಪಾಯಿಗಳು ಬೆರಗಾದರೆಂದು ವರದಿ ಹೇಳುತ್ತದೆ. ಈ ವಿವರವನ್ನು ದಯವಿಟ್ಟು ನೆನಪಿನಲ್ಲಿಡಿ. ಹಳ್ಳಿಯ ವ್ಯಾಂಪೈರ್ ಬಿಳಿಚಿಕೊಂಡ, ಸಣಕಲು, ಕಪ್ಪು ನಿಲುವಂಗಿಯ ಶ್ರೀಮಂತನಲ್ಲ. ಅದು ಊದಿಕೊಂಡ, ಕೆಂಪೇರಿದ, ನೆರೆಮನೆಯ ರೈತ ಅಥವಾ ರೈತ ಹೆಂಗಸು.

ಈ ಜನ ಕಂಡದ್ದೆಲ್ಲ ಭ್ರಮೆಯೇ ಎಂದರೆ, ಅಲ್ಲ ಎಂಬುದೇ ನನ್ನ ಉತ್ತರ. ಹೆಣ ಹೇಗೆ ಕೊಳೆಯುತ್ತದೆಂಬುದನ್ನು ಬಲ್ಲ ನ್ಯಾಯವೈದ್ಯರು ಈ ವರದಿಗಳನ್ನು ಓದಿದರೆ ಸಾಲುಸಾಲಿಗೂ ತಲೆಯಾಡಿಸುತ್ತಾರೆ. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಉಂಟುಮಾಡುವ ಅನಿಲದಿಂದ ಹೊಟ್ಟೆ, ಎದೆ ಉಬ್ಬಿ ಸಣಕಲು ದೇಹವೂ ತುಂಬಿದಂತೆ ಕಾಣುತ್ತದೆ. ಆ ಒತ್ತಡಕ್ಕೆ ಶ್ವಾಸಕೋಶದಲ್ಲಿ ಸೇರಿದ ಕೆಂಗಪ್ಪು ದ್ರವ ಬಾಯಿ ಮೂಗುಗಳಿಂದ ಹೊರಬರುತ್ತದೆ. ಮೇಲ್ಚರ್ಮ ಸುಲಿದಾಗ ಕೆಳಗಿನ ಪದರ ಹೊಸದಾಗಿ ಹುಟ್ಟಿದಂತೆ ತೋರುತ್ತದೆ. ಚರ್ಮ ಕುಗ್ಗಿ ಹಿಂದೆ ಸರಿದಾಗ ಗಡ್ಡ, ಉಗುರು ಬೆಳೆದಂತೆ ಕಾಣುತ್ತವೆ. ಗೂಟ ಹೊಡೆದಾಗ ಹೆಣ ನರಳಿತೆಂಬ ಮಾತು ಇಂಥ ಕೆಲವು ಕಥನಗಳಲ್ಲಿ ಬರುತ್ತದೆ. ಎದೆಯಲ್ಲಿ ಕಟ್ಟಿಕೊಂಡ ಗಾಳಿ ಗಂಟಲಿನ ಮೂಲಕ ನುಗ್ಗಿದರೆ ಅಂಥ ಸದ್ದು ಬಂದೇ ಬರುತ್ತದೆ. ಚಳಿಗಾಲದ ಮಣ್ಣಿನಲ್ಲಿ ಇದೆಲ್ಲ ನಿಧಾನವಾಗಿ ನಡೆಯುತ್ತದೆ, ಒಂದು ಗೋರಿಗೂ ಪಕ್ಕದ ಗೋರಿಗೂ ವ್ಯತ್ಯಾಸವಾಗುತ್ತದೆ. ರೈತರು ಕಂಡದ್ದು ಸರಿ, ಬರೆದುಕೊಂಡ ವೈದ್ಯರು ಬರೆದದ್ದೂ ಸರಿ. ತಪ್ಪಿದ್ದು ಅದರಿಂದ ಅವರು ಕಟ್ಟಿದ ತೀರ್ಮಾನ.

ಆ ತೀರ್ಮಾನಕ್ಕೂ ಅದರದೇ ಆದ ತರ್ಕವಿತ್ತು. ಸೋಂಕು ಎಂಬುದು ಸೂಕ್ಷ್ಮಜೀವಿಯ ಕೆಲಸ ಎಂದು ಯಾರಿಗೂ ತಿಳಿದಿರದ ಕಾಲದಲ್ಲಿ, ಒಂದು ಮನೆಯಲ್ಲಿ ಒಬ್ಬ ಸತ್ತು ಹಿಂದೆಯೇ ಅವನ ಬಂಧುಗಳು, ನೆರೆಯವರು ಸಾಯುತ್ತಿದ್ದರೆ, ಮೊದಲು ಹೋದವನು ಉಳಿದವರನ್ನು ಕರೆದುಕೊಳ್ಳುತ್ತಿದ್ದಾನೆ ಎಂದು ತಿಳಿಯುವುದು ಸಹಜವಾಗಿತ್ತು. ರೋಗ ಒಬ್ಬರಿಂದೊಬ್ಬರಿಗೆ ದಾಟುತ್ತದೆ, ಮೊದಲ ರೋಗಿಯನ್ನು ಗುರುತಿಸಬೇಕು, ಅವನ ಸಂಪರ್ಕವನ್ನು ಕಡಿಯಬೇಕು ಎಂಬ ಮೂರು ತಿಳಿವಳಿಕೆಗಳು ಈ ನಂಬಿಕೆಯೊಳಗೇ ಅಡಗಿವೆ. ವ್ಯಾಂಪೈರಿನಿಂದ ಸತ್ತವನೂ ವ್ಯಾಂಪೈರ್ ಆಗುತ್ತಾನೆ ಎಂಬ ನಿಯಮ ಸೋಂಕಿನ ನಿಯಮವೇ. ಇನ್ನೊಂದು ಮಾತು: ಗೋರಿ ಅಗೆದು ಸುಟ್ಟ ಮೇಲೆ ಸಾವು ನಿಂತರೆ ಚಿಕಿತ್ಸೆ ಫಲಿಸಿದಂತೆಯೇ ಲೆಕ್ಕ. ಯಾವ ಪಿಡುಗಾದರೂ ಒಂದು ದಿನ ತಾನಾಗಿ ಇಳಿಯುತ್ತದೆ. ಗೋರಿ ಅಗೆಯುವ ಹೊತ್ತಿಗೆ ಅದು ಇಳಿಮುಖವಾಗಿದ್ದರೆ ಹೆಸರು ಗೂಟಕ್ಕೆ ಬರುತ್ತದೆ.

ಫ್ಲ್ಯೂಕಿಂಗರನ ವರದಿ ಪುಸ್ತಿಕೆಯಾಗಿ ಜರ್ಮನ್ ನಾಡುಗಳಲ್ಲೆಲ್ಲ ಹರಡಿತು. 1732ರ ಮಾರ್ಚ್ ಹೊತ್ತಿಗೆ ಸುದ್ದಿ ಲಂಡನ್ನಿನ ಪತ್ರಿಕೆಗಳನ್ನೂ ಮುಟ್ಟಿತ್ತು. ಪಂಡಿತರು ಪರ, ವಿರುದ್ಧ ಬರೆದರು. 1746ರಲ್ಲಿ ಆಗಸ್ಟಿನ್ ಕಾಲ್ಮೆ ಎಂಬ ಫ್ರೆಂಚ್ ಮಠಾಧಿಪತಿ ಇದರ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಫ್ರೆಂಚ್ ಲೇಖಕ ವೋಲ್ಟೇರ್ ಮಾತ್ರ ಇದನ್ನು ಗೇಲಿ ಮಾಡಿ, ಹಾಡಹಗಲೇ ಜನರ ರಕ್ತ ಹೀರುವ ದಳ್ಳಾಳಿಗಳು, ಕಂದಾಯದವರು, ವ್ಯಾಪಾರಿಗಳೇ ನಿಜವಾದ ವ್ಯಾಂಪೈರ್‌ಗಳು, ಅವರು ವಾಸಿಸುವುದು ಸ್ಮಶಾನದಲ್ಲಲ್ಲ, ಸೊಗಸಾದ ಅರಮನೆಗಳಲ್ಲಿ ಎಂಬರ್ಥದ ಮಾತು ಬರೆದ. ನನ್ನ ದೃಷ್ಟಿಯಲ್ಲಿ ಈ ಜೀವಿಯ ಚರಿತ್ರೆಯ ತಿರುವು ಇರುವುದು ಇಲ್ಲಿ. ಗೋರಿಯಲ್ಲಿದ್ದ ರೈತನನ್ನು ಮೇಲೆತ್ತಿ ಅರಮನೆಯಲ್ಲಿ ಕೂರಿಸಿದ್ದು ಮೊದಲು ವಿಡಂಬನೆ. ಕಾದಂಬರಿ ಆಮೇಲೆ ಬಂತು. ಇತ್ತ 1755ರಲ್ಲಿ ಮತ್ತೊಂದು ಊರಿನಲ್ಲಿ ಹೆಂಗಸೊಬ್ಬಳ ಹೆಣ ಅಗೆದ ಸುದ್ದಿ ಬಂದಾಗ, ಸಾಮ್ರಾಜ್ಞಿ ಮಾರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್ನನ ಸಲಹೆಯಂತೆ ಇಂಥ ಕೃತ್ಯಗಳನ್ನೇ ನಿಷೇಧಿಸಿದಳು. ಆಡಳಿತದ ಮಟ್ಟಿಗೆ ವ್ಯಾಂಪೈರ್ ಅಲ್ಲಿಗೆ ಮುಗಿಯಿತು.

ಸಾಹಿತ್ಯದಲ್ಲಿ ಅದು ಮತ್ತೆ ಎದ್ದದ್ದಕ್ಕೆ ಇಂಡೊನೇಷ್ಯಾದ ಒಂದು ಅಗ್ನಿಪರ್ವತದ ಪಾಲೂ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ. 1815ರ ಏಪ್ರಿಲ್‌ನಲ್ಲಿ ತಂಬೋರಾ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಬಂಗಲೆಯಲ್ಲಿ ಮಳೆಯಿಂದಾಗಿ ಒಳಗೇ ಕೂತಿದ್ದ ಇಂಗ್ಲಿಷ್ ಕವಿ ಲಾರ್ಡ್ ಬೈರನ್ ಮತ್ತು ಗೆಳೆಯರು ದೆವ್ವದ ಕಥೆ ಬರೆಯುವ ಪಣ ತೊಟ್ಟರು. ಹದಿನೆಂಟರ ಹರೆಯದ ಮೇರಿ ಅಲ್ಲಿ ಆರಂಭಿಸಿದ ‘ಫ್ರಾಂಕನ್‌ಸ್ಟೈನ್’ 1818ರಲ್ಲಿ ಹೊರಬಂತು. ಬೈರನ್ನನ ವೈದ್ಯ ಪೊಲಿಡೊರಿ ಬರೆದ ವ್ಯಾಂಪೈರ್ ಕಥೆ 1819ರಲ್ಲಿ ಲಂಡನ್ನಿನ ಮಾಸಪತ್ರಿಕೆಯಲ್ಲಿ, ಅದೂ ಬೈರನ್ನನ ಹೆಸರಿನಲ್ಲಿ, ಪ್ರಕಟವಾಯಿತು. ಅದರ ನಾಯಕ ಒಬ್ಬ ಪ್ರಭು: ಬಿಳಿಚಿದ ಮುಖದವನು, ಊರೂರು ಸುತ್ತುವವನು, ಒಳ್ಳೆಯ ಮನೆತನದ ಹೆಣ್ಣುಮಕ್ಕಳನ್ನು ಹಾಳು ಮಾಡುವವನು. ಮೆದ್ವೆಜಾದ ಮಿಲಿಜಾಳನ್ನು ಅವನ ಪಕ್ಕ ನಿಲ್ಲಿಸಿ ನೋಡಿ. ಒಂದೇ ಹೆಸರಿನ ಎರಡು ಜೀವಿಗಳೆಂಬುದು ತಾನಾಗಿ ತಿಳಿಯುತ್ತದೆ. ಆಕೆ ಕಾಡಿದ್ದು ತನ್ನದೇ ಊರಿನವರನ್ನು, ಕಾರಣ ರೋಗ. ಇವನು ಬೇಟೆಯಾಡುವುದು ತನಗೆ ನಂಟಿಲ್ಲದವರನ್ನು, ಕಾರಣ ಅವನ ಹಸಿವು ಮತ್ತು ಅಂತಸ್ತು. 1867ರಲ್ಲಿ ಕಾರ್ಲ್ ಮಾರ್ಕ್ಸ್ ಬಂಡವಾಳವು ಜೀವಂತ ದುಡಿಮೆಯನ್ನು ಹೀರಿ ಬದುಕುತ್ತದೆಂದು ವ್ಯಾಂಪೈರಿಗೆ ಹೋಲಿಸಿ ಬರೆದಾಗ ಓದುಗರಿಗೆ ವಿವರಣೆ ಬೇಕಾಗಲಿಲ್ಲ. ಹೀರುವವನು ಮೇಲಿನವನು ಎಂಬ ಕಲ್ಪನೆ ಅಷ್ಟರಲ್ಲಿ ಬೇರೂರಿತ್ತು.

ಬ್ರಾಮ್ ಸ್ಟೋಕರ್ 1890ರಿಂದ ಟಿಪ್ಪಣಿ ಮಾಡಿಕೊಂಡು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಈ ಎರಡನೆಯ ಸಾಲಿಗೆ ಸೇರಿದ್ದು. ಈಗ ವ್ಲಾಡ್ ವಿಷಯ. ಆತ 15ನೇ ಶತಮಾನದಲ್ಲಿ ಇಂದಿನ ರೊಮೇನಿಯಾದ ವಲಾಕಿಯಾ ಪ್ರಾಂತವನ್ನು ಆಳಿದ, ಶತ್ರುಗಳನ್ನು ಶೂಲಕ್ಕೇರಿಸಿದ್ದಕ್ಕೆ ಕುಖ್ಯಾತನಾದ ದೊರೆ. ಸ್ಟೋಕರನ ಟಿಪ್ಪಣಿಗಳು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿ ಉಳಿದುಬಂದಿವೆ. ಅವನು ತನ್ನ ಪಾತ್ರಕ್ಕೆ ಮೊದಲು ಬೇರೆ ಹೆಸರು ಇಟ್ಟಿದ್ದನೆಂಬುದೂ, ವಿಟ್ಬಿ ಎಂಬ ಕಡಲೂರಿನ ಗ್ರಂಥಾಲಯದಲ್ಲಿ ಸಿಕ್ಕ ವಿಲಿಯಂ ವಿಲ್ಕಿನ್‌ಸನ್ ಎಂಬವನ 1820ರ ಪುಸ್ತಕದಲ್ಲಿ ಡ್ರಾಕುಲಾ ಎಂಬ ಹೆಸರನ್ನು ಕಂಡು ಬದಲಿಸಿದನೆಂಬುದೂ ಅವುಗಳಿಂದ ಗೊತ್ತಾಗುತ್ತದೆ. ಶೂಲಕ್ಕೇರಿಸಿದ ಕಥೆ ಆ ಟಿಪ್ಪಣಿಗಳಲ್ಲಿ ಇಲ್ಲ. ಕಾದಂಬರಿಯಲ್ಲಿ ಡ್ರಾಕುಲಾನ ಕೋಟೆಯಿರುವ ಟ್ರಾನ್ಸಿಲ್ವೇನಿಯಾಕ್ಕೆ ಸ್ಟೋಕರ್ ಕಾಲಿಟ್ಟವನೂ ಅಲ್ಲ. ಆದ್ದರಿಂದ ವ್ಲಾಡ್ ಕೊಟ್ಟದ್ದು ಹೆಸರನ್ನು ಮತ್ತು ತುರ್ಕರೊಡನೆ ಕಾದಿದ ವಂಶದವನೆಂಬ ಸ್ವಲ್ಪ ಹಿನ್ನೆಲೆಯನ್ನು, ರಕ್ತಪಿಪಾಸೆಯನ್ನಲ್ಲ. ಇವರಿಬ್ಬರೂ ಒಬ್ಬನೇ ಎಂಬ ಮಾತು ಇಪ್ಪತ್ತನೆಯ ಶತಮಾನದಲ್ಲಿ ಬಲಗೊಂಡು, ಈಗ ಪ್ರವಾಸೋದ್ಯಮದ ಕೃಪೆಯಿಂದ ಅಳಿಸಲಾಗದಂತಾಗಿದೆ.

ಆ ಕಾದಂಬರಿಯ ಅರ್ಥದ ಬಗ್ಗೆ ವಿಮರ್ಶಕರು ಬರೆದದ್ದು ಅಪಾರ. ಪೂರ್ವದಿಂದ ಬಂದು ಲಂಡನ್ನಿನಲ್ಲಿ ಮನೆ ಕೊಂಡು, ಆಂಗ್ಲ ಹೆಂಗಸರ ರಕ್ತವನ್ನು ತನ್ನದಾಗಿಸಿಕೊಳ್ಳುವ ಪರದೇಶಿಯಲ್ಲಿ ವಲಸಿಗರ ಭಯವನ್ನೂ, ತಾನೇ ಆಳುತ್ತಿರುವ ದೇಶಗಳು ತಿರುಗಿಬಿದ್ದರೆ ಎಂಬ ಸಾಮ್ರಾಜ್ಯದ ಅಳುಕನ್ನೂ, ಬಾಯಿಬಿಟ್ಟು ಹೇಳಲಾಗದ ಕಾಮವನ್ನೂ ಅವರು ಕಂಡಿದ್ದಾರೆ. ಮೊದಲ ಎರಡು ಓದುಗಳಿಗೆ ಕಥೆಯೊಳಗೇ ಗಟ್ಟಿ ಆಧಾರವಿದೆಯೆಂದು ನನಗೆ ಅನ್ನಿಸುತ್ತದೆ. ಆದರೆ ಭೀಕರ ಜೀವಿಯೆಂದರೆ ಸಮಾಜದ ಅದುಮಿಟ್ಟ ಭಯ ಎಂಬ ಸೂತ್ರವನ್ನು ಎಲ್ಲದಕ್ಕೂ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಕಿಸಿಲೋವಾದ ಜನ ಏನನ್ನೂ ಅದುಮಿಟ್ಟಿರಲಿಲ್ಲ. ಎಂಟು ದಿನಗಳಲ್ಲಿ ಒಂಬತ್ತು ಹೆಣ ಹೊತ್ತಿದ್ದರು.

ಹಳ್ಳಿಯ ವ್ಯಾಂಪೈರ್ ಕಾದಂಬರಿ ಬಂದ ಮೇಲೆ ಮಾಯವಾಯಿತೆಂದೂ ತಿಳಿಯಬೇಡಿ. ಸ್ಟೋಕರ್ ಬರೆಯುತ್ತಿದ್ದ ವರ್ಷಗಳಲ್ಲೇ, 1892ರ ಮಾರ್ಚ್‌ನಲ್ಲಿ, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬ ಊರಿನಲ್ಲಿ ಮರ್ಸಿ ಬ್ರೌನ್ ಎಂಬ 19ರ ಯುವತಿಯ ಹೆಣವನ್ನು ಹೊರತೆಗೆದರು. ತಾಯಿ, ಅಕ್ಕ, ಆಮೇಲೆ ಈಕೆ ಕ್ಷಯದಿಂದ ಸತ್ತಿದ್ದರು. ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಎರಡು ತಿಂಗಳ ಚಳಿಯಲ್ಲಿ ಕಲ್ಲಿನ ಕೋಣೆಯೊಳಗಿದ್ದ ಆಕೆಯ ದೇಹ ಕೊಳೆತಿರಲಿಲ್ಲ, ಹೃದಯದಲ್ಲಿ ರಕ್ತವಿತ್ತು. ನೆರೆಹೊರೆಯವರು ಹೃದಯವನ್ನು ಸುಟ್ಟು, ಬೂದಿಯನ್ನು ನೀರಿಗೆ ಬೆರೆಸಿ ಅಣ್ಣನಿಗೆ ಕುಡಿಸಿದರು. ಅವನು ಎರಡು ತಿಂಗಳಲ್ಲಿ ತೀರಿಕೊಂಡ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಪ್ರಕಟಪಡಿಸಿ ಆಗಲೇ ಹತ್ತು ವರ್ಷವಾಗಿತ್ತು. ಕ್ರಿಮಿ ತಿಳಿದಿತ್ತು, ಔಷಧ ಇರಲಿಲ್ಲ. ಆ ನಡುವಿನ ಜಾಗದಲ್ಲಿ ಹಳೆಯ ಚಿಕಿತ್ಸೆ ಉಳಿದುಕೊಂಡಿತ್ತು.

ಇನ್ನು ನಮ್ಮ ಬೇತಾಳ. ವಿಕ್ರಮನ ಹೆಗಲೇರಿದ ಬೇತಾಳ ಬೇರೆ ಯಾರದೋ ಹೆಣದೊಳಗೆ ಸೇರಿಕೊಂಡು, ಒಗಟಿನ ಕಥೆ ಹೇಳಿ, ಉತ್ತರ ಕೇಳುವಂಥದ್ದು. ಸ್ವಂತ ಗೋರಿಯಿಂದ ಎದ್ದು ಬಂದು ತನ್ನ ಮನೆಯವರನ್ನೇ ಕೊಲ್ಲುವುದಲ್ಲ. ನಮ್ಮಲ್ಲಿ ಸತ್ತವರು ಕಾಡುವುದು ಹೆಚ್ಚಾಗಿ ಗಾಳಿಯಾಗಿ: ಗಾಳಿ ಸೋಕಿತು, ಮೈಮೇಲೆ ಬಂತು ಎನ್ನುತ್ತೇವೆ, ಬಿಡಿಸುವುದಕ್ಕೆ ದೇಹ ಅಗೆಯುವುದಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲು ಬಡಿಯುತ್ತಿದ್ದ ದೆವ್ವವನ್ನು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದೇ ಸಾಗಹಾಕಿದರು. ಅಂಗಡಿಗಳ ‘ಇಂದು ನಗದು, ನಾಳೆ ಸಾಲ’ ಎಂಬ ಹಲಗೆಯ ಜಾಣತನವೇ ಅದು. ಸರ್ಬಿಯಾದ ಗೋರಿಗಳಿಗೆ ನಿಜವಾದ ಹೋಲಿಕೆ ನಮ್ಮಲ್ಲಿ ದೆವ್ವದ ಕಥೆಯಲ್ಲಿಲ್ಲ, ಬರಗಾಲದ ಸುದ್ದಿಯಲ್ಲಿದೆ. ತೊನ್ನು ಇದ್ದವರನ್ನು ಹೂತರೆ ಮಳೆ ಬರುವುದಿಲ್ಲವೆಂದು ನಂಬಿ, ಮಳೆ ಕೈಕೊಟ್ಟ ವರ್ಷ ಅಂಥವರ ಹೆಣ ಅಗೆದು ಸುಟ್ಟ ಘಟನೆಗಳು ನಮ್ಮ ಬಯಲುಸೀಮೆಯ ಊರುಗಳಿಂದ ಪತ್ರಿಕೆಗಳಲ್ಲಿ ವರದಿಯಾಗಿವೆ. ತೊನ್ನು ಅಂಟುರೋಗವಲ್ಲ, ಅದಕ್ಕೂ ಮಳೆಗೂ ಯಾವ ಸಂಬಂಧವೂ ಇಲ್ಲ. ಆದರೂ ಊರಿಗೆಲ್ಲ ತಟ್ಟಿದ ಕಷ್ಟ, ಬೇರೆಯಾಗಿ ಕಾಣುವ ಒಂದು ದೇಹ, ಅಗೆತ, ಬೆಂಕಿ ಎಂಬ ಅನುಕ್ರಮ ಮೆದ್ವೆಜಾದ್ದೇ. ಮಳೆ ಎಂದಾದರೂ ಬಂದೇ ಬರುವುದರಿಂದ ನಂಬಿಕೆಗೆ ಪುರಾವೆಯೂ ತಪ್ಪದೆ ಸಿಗುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಆ ಹೆಣಕ್ಕೆ ಯಾರೂ ಹಲ್ಲು, ಹೆಸರು, ಕಥೆ ಕೊಡಲಿಲ್ಲ. ಹಾಗಾಗಿ ಭೀಕರ ಜೀವಿಗಳ ಪಟ್ಟಿಯಲ್ಲಿ ಅದು ಸೇರುವುದಿಲ್ಲ, ಅದರ ಬಗ್ಗೆ ಸಿನಿಮಾ ಬರುವುದಿಲ್ಲ.

ಬಿಸಿಲಿನ ಪ್ರಶ್ನೆಗೆ ಉತ್ತರ ಚಿಕ್ಕದು. ಸರ್ಬಿಯಾದ ಆ ವರದಿಗಳಲ್ಲಿ ಬಿಸಿಲಿಗೆ ಸುಟ್ಟುಹೋಗುವ ಮಾತೇ ಇಲ್ಲ. ಸ್ಟೋಕರನ ಡ್ರಾಕುಲಾ ಕೂಡ ಲಂಡನ್ನಿನಲ್ಲಿ ಹಗಲು ಹೊತ್ತು ಓಡಾಡುತ್ತಾನೆ, ಆಗ ಅವನ ಶಕ್ತಿ ಮಾತ್ರ ಕುಂದಿರುತ್ತದೆ. ಬೆಳಕು ತಾಗಿ ಅವನು ಇಲ್ಲವಾಗುವುದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ವಿನಲ್ಲಿ. ಕಾದಂಬರಿಯ ಹಕ್ಕು ಪಡೆಯದೆ ತೆಗೆದ ಚಿತ್ರವಾದ್ದರಿಂದ ಸ್ಟೋಕರನ ಪತ್ನಿ ದಾವೆ ಹೂಡಿದರು, ಪ್ರತಿಗಳನ್ನೆಲ್ಲ ನಾಶ ಮಾಡುವಂತೆ 1925ರಲ್ಲಿ ತೀರ್ಪೂ ಆಯಿತು. ಕೆಲವು ಪ್ರತಿಗಳು ತಪ್ಪಿಸಿಕೊಂಡು ಉಳಿದವು, ಬಿಸಿಲಿನ ನಿಯಮವೂ ಅವುಗಳೊಂದಿಗೆ ಉಳಿಯಿತು.